ಅಂಕಿಯಿಲ್ಲದ ಗಡಿಯಾರ

ಕಲಬುರಗಿಯ ನನ್ನ ಚಶ್ಮಾ ಅಂಗಡಿಗೆ ಬರುವವರಲ್ಲಿ ಅರ್ಧ ಜನ ನನ್ನ ಜೊತೆ ಜಗಳ ಆಡಿಯೇ ಹೋಗುತ್ತಾರೆ. ಅವರಿಗೆ ಕಡ್ಡಿಯ ಮೇಲೆ ಹೊಳೆಯುವ ಹರಳು ಬೇಕು, ಬಂಗಾರದ ಬಣ್ಣದ ಬಳ್ಳಿ ಬೇಕು, ಕಂಪನಿಯ ಹೆಸರು ಎದುರಿನ ಅಂಗಡಿಯವನಿಗೂ ಓದಲು ಬರಬೇಕು. ನಾನು ಅವರ ಮುಂದೆ ಇಡುವುದು ತಂತಿಯಷ್ಟು ತೆಳ್ಳಗಿನ, ಬಣ್ಣವೂ ಇಲ್ಲದ ಫ್ರೇಮು. ಮೊನ್ನೆ ಒಬ್ಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು.

"ಇದರಾಗ ಏನದ ರೀ ಮೇಡಂ?"

"ಏನೂ ಇಲ್ಲರಿ. ಅದಕ್ಕೇ ತಗೋರಿ ಅನ್ನಾಕತ್ತೀನಿ."

ಅವರು ಹರಳಿನದನ್ನೇ ಕೊಂಡು ಹೋದರು. ಹೋಗಲಿ. ನನ್ನ ಮಗಳು ನನ್ನ ಫೋನಿಗೆ ಮೊಲದ ಕಿವಿಯ ಕವರು ತಂದು ಹಾಕಿದಾಗ ನಾನು ಸಂಜೆಯ ತನಕವೂ ತಡೆದುಕೊಳ್ಳಲಿಲ್ಲ, ಕಿತ್ತು ತೆಗೆದೆ. ಬರಿಯ ಫೋನಿನ ತಣ್ಣಗಿನ ಬೆನ್ನು ಅಂಗೈಗೆ ತಾಗಿದರೆ ಎಷ್ಟು ಹಿತ ಎಂದು ಈಗಿನವರಿಗೆ ಗೊತ್ತೇ ಇಲ್ಲ. ಬೀಗರ ಮನೆಗೆ ಹೋದರೂ ನನ್ನ ಕೈ ಸುಮ್ಮನಿರುವುದಿಲ್ಲ. ಫ್ರಿಜ್ಜಿನ ಮೇಲೆ ಅಂಗಡಿಯ ಚೀಟಿ ಹಾಗೇ ಅಂಟಿಕೊಂಡಿದ್ದರೆ ಮಾತಾಡುತ್ತಾ ಮಾತಾಡುತ್ತಾ ಉಗುರಿನಿಂದ ಅದರ ಮೂಲೆ ಎಬ್ಬಿಸಿರುತ್ತೇನೆ. ರಿಮೋಟಿಗೆ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಹಾಕಿರುವುದನ್ನು ಕಂಡರೆ ನನಗೇ ಉಸಿರು ಕಟ್ಟುತ್ತದೆ. ಐವತ್ತು ದಾಟಿದ ಹೆಂಗಸಿಗೆ ಇದು ಶೋಭೆಯಲ್ಲ ಎಂದು ಮಗಳು ಬೈಯುತ್ತಾಳೆ. ಈ ಚಡಪಡಿಕೆ ನಾನು ಕಲಿತದ್ದಲ್ಲ, ಕಮಲಾಪುರದ ನಮ್ಮ ಮನೆಯಲ್ಲಿ ದಿನವೂ ಉಂಡದ್ದು. ಅಲ್ಲಿ ಒಬ್ಬರು ಎಲ್ಲವನ್ನೂ ಮುಚ್ಚುತ್ತಿದ್ದರು, ಇನ್ನೊಬ್ಬರು ಎಲ್ಲವನ್ನೂ ತೆರೆಯುತ್ತಿದ್ದರು. ನಡುವೆ ನಾನು ಬೆಳೆದೆ.

ಮುಚ್ಚುವವಳು ಅವ್ವ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮದು ಒಂದು ಪಡಸಾಲೆ, ಒಂದು ಅಡುಗೆಮನೆ, ನಡುವೆ ಕತ್ತಲೆಯ ಒಂದು ಕೋಣೆ. ನೆಲಕ್ಕೆ ಶಹಾಬಾದ ಫರಸಿಕಲ್ಲು. ಇಷ್ಟು ಮನೆಯಲ್ಲಿ ಬಟ್ಟೆ ಹೊದೆಯದ ಒಂದು ಸಾಮಾನು ಇರಲಿಲ್ಲ. ರೇಡಿಯೋಕ್ಕೆ ಕ್ರೋಶಾದ ಹೊದಿಕೆ, ಅದರ ನಾಲ್ಕು ಮೂಲೆಗೂ ಮಣಿ. ಟೀವಿಗೆ ನವಿಲು ಹೆಣೆದ ಪರದೆ. ಹೊಲಿಗೆ ಯಂತ್ರಕ್ಕೆ ನೆರಿಗೆಯ ಝಾಲರು. ನೀರಿನ ಕೊಡಕ್ಕೂ ಒಂದು ಟೊಪ್ಪಿಗೆ. ಹಂಚಿನ ಮೇಲೆ ರೊಟ್ಟಿ ಬೇಯುವ ಹೊತ್ತಿನಲ್ಲೂ ಅವಳ ಮಡಿಲಲ್ಲಿ ದಾರದ ಉಂಡೆ ಇರುತ್ತಿತ್ತು. ತೆರೆಯುವವನು ಅಪ್ಪ. ಅವನದು ಕಲಬುರಗಿಯ ರೋಜಾ ಬಡಾವಣೆಯಲ್ಲಿ, ದರ್ಗಾಕ್ಕೆ ಹೋಗುವ ಹಾದಿಯಲ್ಲಿ ಗಡಿಯಾರ ರಿಪೇರಿಯ ಡಬ್ಬಿ ಅಂಗಡಿ. ಮುಂಜಾನೆ ಎಂಟರ ಬಸ್ಸಿಗೆ ಹೋದರೆ ಸಂಜೆ ಏಳಕ್ಕೆ ಮನೆ. ಬಂದವನು ಕಾಲು ತೊಳೆಯುವ ಮೊದಲೇ ರೇಡಿಯೋದ ಹೊದಿಕೆ ತೆಗೆದು, ಮಡಚಿ, ಗೋಡೆಯ ಮಾಡದಲ್ಲಿ ಇಡುತ್ತಿದ್ದ. ಬೆಳಗಾಗುವುದರಲ್ಲಿ ಅದು ಮತ್ತೆ ರೇಡಿಯೋದ ತಲೆಯ ಮೇಲೆ ಇರುತ್ತಿತ್ತು.

"ಅದಕ್ಕೇನು ಥಂಡಿ ಹತ್ತತದೇನು?"

"ಧೂಳ ಬೀಳ್ತದ್ರಿ. ಒರಸೋರು ನೀವಲ್ಲ, ನಾನು."

"ಅಷ್ಟು ಚಂದ ಮಾಡಿದವನು ಅದನ್ನ ಮುಚ್ಚಿಡಾಕ ಮಾಡ್ಯಾನೇನು?"

"ಈ ಹೆಣಿಕಿನೂ ಯಾರೋ ಚಂದ ಮಾಡ್ಯಾರ. ಅದು ಕಾಣಂಗಿಲ್ಲ ನಿಮಗ."

ಈ ಜಗಳಕ್ಕೆ ಕೊನೆಯೆಂಬುದು ಇರಲಿಲ್ಲ, ಮತ್ತು ನಾನು ಯಾವಾಗಲೂ ಅಪ್ಪನ ಕಡೆ. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ, ಅವ್ವನ ಕೆಲಸವನ್ನು ನಾನು ಒಂದು ಸಲವೂ ಕಣ್ಣಿಟ್ಟು ನೋಡಲಿಲ್ಲ. ಆದರೆ ಅಪ್ಪ ತೋರಿಸಿಕೊಟ್ಟ ಚೆಲುವು ಅಷ್ಟು ಗಟ್ಟಿಯಾಗಿ ನನ್ನನ್ನು ಹಿಡಿದಿತ್ತು. ಅವನ ಬಳಿ ಅಂಗೈಯಗಲದ ಇನ್ನೊಂದು ಟ್ರಾನ್ಸಿಸ್ಟರ್ ಇತ್ತು, ಅಂಗಡಿಗೆ ಒಯ್ಯುವುದು. ಅದಕ್ಕೆ ಎರಡೇ ತಿರುಗುಣಿ. ಒಂದು ನಿಲ್ದಾಣಕ್ಕೆ, ಇನ್ನೊಂದು ದನಿಗೆ. ದನಿಯದನ್ನು ಪೂರಾ ಹಿಂದಕ್ಕೆ ತಿರುಗಿಸಿದರೆ 'ಟಕ್' ಎಂದು ರೇಡಿಯೋವೇ ಆರುತ್ತಿತ್ತು. "ಕಣ್ಣು ಮುಚ್ಚು, ಈಗ ಹಚ್ಚು" ಎನ್ನುತ್ತಿದ್ದ ಅಪ್ಪ. ಕಣ್ಣು ಮುಚ್ಚಿದರೂ ಬೆರಳು ತಾನೇ ಅಲ್ಲಿಗೆ ಹೋಗುತ್ತಿತ್ತು. ಹೇಳಿಕೊಡಬೇಕಾಗದ ಸಾಮಾನೇ ಒಳ್ಳೆಯ ಸಾಮಾನು ಎಂಬುದು ಅವನ ಮತ. ಅವನ ಊಟದ ಡಬ್ಬಿಗೆ ಒಂದೇ ಕೊಂಡಿ, ಅವನ ಪೆನ್ನಿಗೆ ಕ್ಲಿಪ್ಪು ಬಿಟ್ಟರೆ ಏನೂ ಇಲ್ಲ, ಅವನ ಚಿಮಟಗಳು ಒಂದು ಗೆರೆಯೂ ಇಲ್ಲದ ಉಕ್ಕು. ಭಾನುವಾರ ಪಡಸಾಲೆಯಲ್ಲಿ ಬಿಳಿ ಬಟ್ಟೆ ಹಾಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅವನು ಕೂತರೆ, ಒಂದು ಕಡೆ ಎರಡು ನಿಮಿಷ ನಿಲ್ಲದ ನಾನು ಉಸಿರು ಬಿಗಿಹಿಡಿದು ಪಕ್ಕದಲ್ಲಿ ಕೂರುತ್ತಿದ್ದೆ.

ರಿಪೇರಿಗೆ ಬಂದ ಗೋಡೆ ಗಡಿಯಾರಗಳು ನಮ್ಮ ಪಡಸಾಲೆಯ ತುಂಬ ನೇತಾಡುತ್ತಿದ್ದವು. ಒಂದೊಂದೂ ಒಂದೊಂದು ಹೊತ್ತು ಹೇಳುತ್ತಿತ್ತು. ಹಾಗಾಗಿ ಗಡಿಯಾರದ ಮನೆಯಲ್ಲಿ ಗಡಿಯಾರ ನೋಡಿ ಯಾರೂ ಏನೂ ಮಾಡುತ್ತಿರಲಿಲ್ಲ. ಅಪ್ಪನ ಕೈಯಲ್ಲಿದ್ದುದೊಂದೇ ಖರೆ. ಅವ್ವನ ದಿನ ಬಸ್ಸಿನ ಹಾರನ್ನು, ಮಸೀದಿಯ ಆಜಾನು, ಶಾಲೆಯ ಗಂಟೆ, ರೇಡಿಯೋದ ವಾರ್ತೆ ಇವುಗಳ ಮೇಲೆ ನಡೆಯುತ್ತಿತ್ತು. ಅದರಲ್ಲಿ ವಿಶೇಷ ಏನೂ ಯಾರಿಗೂ ಕಾಣಲಿಲ್ಲ.

ನಾನು ಏಳನೆಯ ತರಗತಿಯಲ್ಲಿದ್ದಾಗ ಅವ್ವನಿಗೆ ಅಂಗನವಾಡಿಯಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು. ಶಾಲೆಯ ಮುಖ ನೋಡದವಳಿಗೆ ಅದು ಎಷ್ಟು ದೊಡ್ಡದೆಂದರೆ, ಸುದ್ದಿ ಬಂದ ದಿನ ಅವಳು ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದಳು. ಕೀಲಿ ಅವಳ ಕೈಯಲ್ಲಿ. ಟೀಚರಮ್ಮ ಕಲಬುರಗಿಯಿಂದ ಬಸ್ಸಿನಲ್ಲಿ ಬರುವುದು ಹತ್ತಕ್ಕೆ. ಒಂಬತ್ತಕ್ಕೆ ಬಾಗಿಲು ತೆಗೆದು, ಕಸ ಹೊಡೆದು, ಮಕ್ಕಳನ್ನು ಒಳಗೆ ಕರೆದುಕೊಳ್ಳುವುದು ಅವ್ವ. ಮೊದಲು ಮೂರು ತಿಂಗಳು ನೋಡುತ್ತೇವೆ, ಆಮೇಲೆ ಕಾಯಂ ಎಂದಿದ್ದರು. ಅವ್ವ ಟ್ರಂಕಿನ ತಳದಿಂದ ತನ್ನ ಮದುವೆಯ ಕೈಗಡಿಯಾರ ತೆಗೆದು ಕಟ್ಟಿಕೊಂಡಳು. ತಾಜಸುಲ್ತಾನಪುರದ ನನ್ನ ಸೋದರಮಾವ ಕೊಟ್ಟದ್ದು. ಬಂಗಾರದ ನೀರು ಕುಡಿಸಿದ ಪಟ್ಟಿ, ಮುಖದ ತುಂಬ ಹೂವು, ಅಂಕಿಯ ಬದಲು ಸುತ್ತ ಹನ್ನೆರಡು ಬಣ್ಣದ ಹನ್ನೆರಡು ಹರಳು. ಅಪ್ಪನಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ.

"ಇದು ಘಡಿ ಅಲ್ಲ. ನಿಮ್ಮಣ್ಣ ಕಳಸಿದ ಬ್ಯಾಂಡಬಾಜಾ."

ಮೂರು ವಾರ ಅವಳು ಅದನ್ನು ಕಟ್ಟಿಕೊಂಡು ಹೋದಳು. ಒಂದು ನಿಮಿಷವೂ ತಡವಾಗಲಿಲ್ಲ. ನಾಲ್ಕನೆಯ ಭಾನುವಾರ ಅವಳು ಬಟ್ಟೆ ತೊಳೆಯಲು ಹೋದಾಗ ಅಪ್ಪ ಆ ಗಡಿಯಾರವನ್ನು ಬಿಳಿ ಬಟ್ಟೆಯ ಮೇಲೆ ಇಟ್ಟು, ಕಳ್ಳನ ಹಾಗೆ ನಕ್ಕು, ಒಂದು ತಗಡಿನ ಡಬ್ಬಿ ತೆರೆದ. ಅದರಲ್ಲಿ ಅವನು ವರ್ಷಗಳಿಂದ ಜೋಪಾನ ಮಾಡಿದ ಡಯಲುಗಳಿದ್ದವು.

"ನಿಮ್ಮವ್ವ ನೌಕರಿ ಮಾಡಾಕತ್ತಾಳ. ಆಕಿಗೆ ಒಂದು ಚಲೋದು ಕೊಡೂಣು. ನೀ ಆರಿಸು."

ನಾನು ಆರಿಸಿದ್ದು ಹಾಲಿನ ಬಣ್ಣದ್ದು. ಅದರಲ್ಲಿ ಅಂಕಿ ಇರಲಿಲ್ಲ, ಗೆರೆ ಇರಲಿಲ್ಲ, ಕಂಪನಿಯ ಹೆಸರೂ ಇರಲಿಲ್ಲ. ಅಪ್ಪನ ಮುಖ ಅರಳಿತು. ಅವನೂ ಮನಸ್ಸಿನಲ್ಲಿ ಅದನ್ನೇ ಹಿಡಿದಿದ್ದ. ಎರಡು ಕಪ್ಪು ಮುಳ್ಳು ಹಾಕಿ, ಬಂಗಾರದ ಪಟ್ಟಿ ತೆಗೆದು ಕಂದು ಚರ್ಮದ ಪಟ್ಟಿ ಕಟ್ಟಿದ. ಎಷ್ಟು ಚಂದವಿತ್ತೆಂದರೆ ಈಗಲೂ, ಇಷ್ಟು ಸಾಮಾನು ನೋಡಿದ ಮೇಲೂ, ಅದಕ್ಕಿಂತ ಚಂದದ್ದನ್ನು ನಾನು ನೋಡಿಲ್ಲ. ಹಳೆಯ ಡಯಲನ್ನು ಅಪ್ಪ ನನ್ನ ಮುಂದೆ ಸರಿಸಿ "ಆಡು" ಎಂದ. ನಾನು ಚಿಮಟದಿಂದ ಹನ್ನೆರಡೂ ಹರಳು ಕಿತ್ತು, ಅಂಗಳದಲ್ಲಿ ಗೆಳತಿಯರಿಗೆ ಹಂಚಿ ಬಂದೆ. ಅವ್ವ ಬಂದಾಗ ಅಪ್ಪ ತಾನೇ ಅವಳ ಕೈಗೆ ಗಡಿಯಾರ ಕಟ್ಟಿದ. ಹಾಗೆ ಅವಳ ಕೈ ಹಿಡಿದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಅಂಕಿ ಯಾಕ ಬೇಕು ಹೇಳು? ಮುಳ್ಳು ಎತ್ಲಾಗ ಅದ ನೋಡಿದ್ರ ಹೊತ್ತು ತಾನೇ ತಿಳೀತದ."

"ಹೌದ್ರಿ," ಎಂದಳು ಅವ್ವ. "ಭಾಳ ಚಂದ ಅದ."

ಮರುದಿನದಿಂದ ಅವ್ವ ನನ್ನನ್ನು ಕರೆಯತೊಡಗಿದಳು. ಕೈ ಹಿಟ್ಟಾಗಿದೆ, ಎಷ್ಟಾತು ನೋಡು. ಕಣ್ಣಿಗೆ ಹೊಗೆ ಹೋಗಿದೆ, ಎಷ್ಟಾತು ನೋಡು. ಅಪ್ಪ ಎಂಟಕ್ಕೆ ಹೋದ ಮೇಲಿಂದ ಒಂಬತ್ತರ ತನಕ ನಾಲ್ಕು ಸಲ, ಐದು ಸಲ. ನನಗೆ ತಲೆಚಿಟ್ಟು ಹಿಡಿಯಿತು. "ನಿನ್ನ ಕೈಯಾಗೇ ಅದ ಅಲ್ಲಬೇ" ಎಂದು ರೇಗಿ ಹೊತ್ತು ಹೇಳಿ ಓಡುತ್ತಿದ್ದೆ. ಶುಕ್ರವಾರದ ತನಕ ಹೀಗೆ ನಡೆಯಿತು. ಶನಿವಾರ ನಮಗೆ ಮುಂಜಾನೆಯ ಶಾಲೆ. ಏಳಕ್ಕೇ ನಾನು ಮನೆ ಬಿಟ್ಟಿದ್ದೆ, ಶಾಲೆಯ ಗಂಟೆಯೂ ಅವತ್ತು ದಿನದ ಹೊತ್ತಿಗೆ ಹೊಡೆಯಲಿಲ್ಲ.

ಆ ಶನಿವಾರ ಅವ್ವ ಅಂಗನವಾಡಿಗೆ ಹೋದಾಗ ಹತ್ತಾಗುತ್ತಾ ಬಂದಿತ್ತು. ಮಕ್ಕಳು ಬೀಗ ಹಾಕಿದ ಬಾಗಿಲ ಮುಂದೆ ಬಿಸಿಲಲ್ಲಿ ಕೂತಿದ್ದವು. ಒಂದು ಮಗು ಎದ್ದು ನಮ್ಮವ್ವನನ್ನೇ ಹುಡುಕುತ್ತಾ ಲಾರಿ ಓಡಾಡುವ ದೊಡ್ಡ ರಸ್ತೆಯ ತನಕ ಹೋಗಿತ್ತು, ಚಹಾದ ಅಂಗಡಿಯವನು ಎತ್ತಿಕೊಂಡು ಬಂದಿದ್ದ. ಅದೇ ದಿನ ಮೇಲಿನವರು ತಪಾಸಣೆಗೆ ಬಂದಿದ್ದರು. ನಾನು ಶಾಲೆ ಮುಗಿಸಿ ಹೋದಾಗ ಟೀಚರಮ್ಮ ಅವ್ವನನ್ನು ಅಂಗನವಾಡಿಯ ಕಟ್ಟೆಯ ಮೇಲೆ ಕೂರಿಸಿಕೊಂಡು ಮಾತಾಡುತ್ತಿದ್ದರು. ಬೈಯುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾ ಕೈಕಾಲು ಹಿಡದು ಹೇಳೀನಿ, ಈ ಒಂದು ಸಲ ಬಿಡ್ರಿ ಅಂತ. ಇನ್ನೊಂದು ಸಲ ಆದ್ರ ನನ್ನ ಕೈಯಾಗ ಏನಿಲ್ಲ ನೋಡವ್ವ. ಬ್ಯಾರೆಯವರನ್ನ ತಗೋತಾರ. ಘಡಿ ಇಲ್ಲೇನು ಮನ್ಯಾಗ? ಅದೂ ನಿಮ್ಮ ಮನ್ಯಾಗ?"

ಅವ್ವ ಸೆರಗಿನಿಂದ ಕೈಗಡಿಯಾರ ಮುಚ್ಚಿಕೊಂಡಿದ್ದಳು. ಆಗ ನನಗೆ ತಿಳಿಯಿತು. ದಾರಿಯಲ್ಲಿ ಅವಳ ಪಕ್ಕದಲ್ಲಿ ಓಡುತ್ತಾ ಕೇಳಿದೆ.

"ಅವ್ವಾ, ಹೊತ್ತು ನೋಡಾಕ ಬರಂಗಿಲ್ಲೇನು ನಿನಗ?"

"ಮೆಲ್ಲಕ ಮಾತಾಡು."

"ಮತ್ತ ಇಷ್ಟು ದಿನ?"

"ಹರಳಿದ್ವಲ್ಲ. ಸಣ್ಣ ಮುಳ್ಳು ನೀಲಿ ಹರಳಿಗೆ ಬಂದ್ರ ಒಂಬತ್ತು. ರೇಡಿಯೋ ಕೇಳಿ ಕೇಳಿ ನಾನೇ ಗುರ್ತು ಮಾಡ್ಕೊಂಡಿದ್ದೆ. ಈಗ ಎಲ್ಲಾ ಬೆಳ್ಳಗ. ಎಲ್ಲಿ ಅಂತ ನೋಡ್ಲಿ?"

ಓಣಿಯ ತಿರುವಿನಲ್ಲಿ ಅವಳು ನಿಂತಳು.

"ಲಗ್ನ ಆಗಿ ಬಂದ ದಿನಾನೇ ನಿಮ್ಮಪ್ಪಗ ಹೇಳಬೇಕಿತ್ತು. ಅವತ್ತು ನಾಚಿಕಿ ಆತು. ಆಮ್ಯಾಲ ದಿನಾ ಒಂದಿಷ್ಟು ಜಾಸ್ತಿ ಆಕ್ಕೋತ ಹೋತು. ಘಡಿ ಮಾಡವನ ಹೆಂಡ್ತಿ ನಾನು. ಹೇಳಬ್ಯಾಡ ನೀನೂ. ಆಣಿ ಮಾಡು."

ಆಣೆ ಮಾಡಿದೆ. ಆ ವಾರ ನನ್ನ ಕಾಲು ಒಂದು ಕಡೆ ನಿಲ್ಲಲಿಲ್ಲ. ಹರಳು ಹುಡುಕಿದೆ, ಗೆಳತಿಯರು ಎಲ್ಲೆಲ್ಲೋ ಬಿಸಾಡಿದ್ದರು. ಸಂಜೆ ಅಪ್ಪ ಬರುವ ಮೊದಲು ಅವ್ವನನ್ನು ಕೂರಿಸಿಕೊಂಡು ಹೊತ್ತು ನೋಡಲು ಕಲಿಸಹೋದೆ. ನನ್ನಂಥ ಕೆಟ್ಟ ಮೇಷ್ಟರು ಇರಲಿಕ್ಕಿಲ್ಲ. ಸಣ್ಣ ಮುಳ್ಳು ಮೂರರಲ್ಲಿದ್ದರೆ ಮೂರು ಗಂಟೆ, ದೊಡ್ಡದು ಮೂರರಲ್ಲಿದ್ದರೆ ಹದಿನೈದು ನಿಮಿಷ ಎಂದೆ. ಅದೇ ಮೂರು ಹದಿನೈದು ಹೇಗಾಗುತ್ತದೆ ಎಂದು ಅವಳು ಕೇಳಿದಳು. ನ್ಯಾಯವಾದ ಪ್ರಶ್ನೆ. ನಾನು ತಾಳ್ಮೆಗೆಟ್ಟು ಕೂಗಿದೆ. ಅವ್ವ ಗಡಿಯಾರವನ್ನು ಮೆಲ್ಲಗೆ ನನ್ನ ಮಡಿಲಲ್ಲಿ ಇಟ್ಟು "ಬಿಡು, ನನ್ನ ತಲಿಗೆ ಹತ್ತಂಗಿಲ್ಲ" ಎಂದು ರೊಟ್ಟಿ ಬಡಿಯಲು ಎದ್ದಳು. ಅಪ್ಪ ಮಾತ್ರ ದಿನವೂ ಸಂಜೆ ಅವಳ ಕೈ ನೋಡಿ ಹಿಗ್ಗುತ್ತಿದ್ದ. ಊಟಕ್ಕೆ ಕೂತಾಗ ಪುಂಡಿಪಲ್ಯ ಬಡಿಸುವ ಕೈಯಲ್ಲಿ ಆ ಬಿಳಿ ಮುಖ ಹೊಳೆಯುತ್ತಿತ್ತು, ನಾನು ತಟ್ಟೆ ನೋಡುತ್ತಾ ಉಣ್ಣುತ್ತಿದ್ದೆ.

ಶುಕ್ರವಾರ ಬಂತು. ನಾಳೆ ಮತ್ತೆ ಮುಂಜಾನೆಯ ಶಾಲೆ. ಸಂಜೆ ಶಾಲೆಯಿಂದ ಬಂದವಳೇ ವಾರ್ಷಿಕೋತ್ಸವದ ಗ್ಯಾದರಿಂಗ್‌ನಲ್ಲಿ ಕುಣಿಯಲು ಕೊಂಡಿದ್ದ ನೇಲ್ ಪಾಲಿಶ್ ತೆಗೆದೆ. ಅವ್ವನ ಗಡಿಯಾರದ ಗಾಜಿನ ಮೇಲೆ, ಎಡಗಡೆಗೆ, ಒಂಬತ್ತು ಇರಬೇಕಾದ ಕಡೆ ಒಂದು ಕೆಂಪು ಬೊಟ್ಟು ಇಟ್ಟೆ. ಬಣ್ಣ ಹೆಚ್ಚು ಇಳಿದು ಅದು ಸಾಸಿವೆಯ ಬದಲು ಕಡಲೆಯಷ್ಟಾಯಿತು. ಸಣ್ಣ ಮುಳ್ಳು ಇದರ ಹತ್ತಿರ, ದೊಡ್ಡದು ನೆಟ್ಟಗೆ ಮೇಲೆ ಬರುವುದರಲ್ಲಿ ಇದ್ದಾಗ ಹೊರಡು ಎಂದೆ. ಅವ್ವ ಮೂರು ಸಲ ಹೇಳಿಸಿಕೊಂಡಳು. ಮುಖ ಒಳಗಾಗುವಂತೆ ಗಡಿಯಾರ ತಿರುಗಿಸಿ ಕಟ್ಟಿಕೊಂಡಳು. ಆದರೆ ಮನೆಯ ಗಡಿಯಾರಗಳನ್ನು ವಾರಕ್ಕೊಮ್ಮೆ ಮೆತ್ತನೆಯ ಬಟ್ಟೆಯಿಂದ ಒರೆಸುವುದು ಅಪ್ಪನ ರೂಢಿ, ಅದೂ ಶುಕ್ರವಾರವೇ. ಅದು ನಮ್ಮಿಬ್ಬರಿಗೂ ಮರೆತುಹೋಗಿತ್ತು.

ಏಳೂವರೆಗೆ ಅಪ್ಪ ಅವಳ ಗಡಿಯಾರ ಬಿಚ್ಚಿಕೊಂಡ. ದೀಪದ ಕೆಳಗೆ ಹಿಡಿದ. ಅವನ ಮುಖ ಕಪ್ಪಿಟ್ಟಿತು.

"ಯಾರು ಈ ಹೊಲಸು ಮಾಡ್ದವರು?"

ನಾನು ಬಣ್ಣ ಹತ್ತಿದ ಬೆರಳನ್ನು ಬೆನ್ನ ಹಿಂದೆ ಸರಿಸಿದೆ. ಆಣೆ ಮಾಡಿದ್ದೆನಲ್ಲ.

"ನೀನೇ ಆರಿಸಿದ್ದಿ. ಇಷ್ಟು ಚಂದಂದು ನೀನೇ ಕೆಡಸ್ದೇನು? ಕಣ್ಣಿಲ್ಲೇನು ನಿನಗ?"

ಅವನು ನನ್ನ ಮೇಲೆ ಕೈ ಎತ್ತಿದವನಲ್ಲ. ಅವತ್ತೂ ಎತ್ತಲಿಲ್ಲ. ಆದರೆ ಆ "ಕಣ್ಣಿಲ್ಲೇನು" ಎಂಬ ಮಾತು ಏಟಿಗಿಂತ ಹೆಚ್ಚು ಉರಿಯಿತು. ಅಪ್ಪ ಥಿನ್ನರಿನ ಬಾಟಲಿ ತೆಗೆದು ಅರಳೆಗೆ ಸುರಿದುಕೊಂಡ. ಗಾಜಿನ ಮೇಲೆ ಅರಳೆ ಇಡುವಷ್ಟರಲ್ಲಿ ಅವ್ವ ಅಡುಗೆಮನೆಯಿಂದ ಬಂದು, ಹಿಟ್ಟಿನ ಕೈಯಿಂದಲೇ ಅವನ ಮಣಿಕಟ್ಟು ಹಿಡಿದಳು.

"ಅಳಸಬ್ಯಾಡ್ರಿ. ಅದು ನನ್ನ ಒಂಬತ್ತು."

ಅಪ್ಪನಿಗೆ ಅರ್ಥವಾಗಲಿಲ್ಲ. ಬೊಟ್ಟು ನೋಡಿದ, ಅವಳನ್ನು ನೋಡಿದ. ಗೋಡೆಯ ಮೇಲಿನ ಗಡಿಯಾರಗಳನ್ನೆಲ್ಲ ಒಂದು ಸುತ್ತು ನೋಡಿದ. ಅವ್ವ ನೆಲ ನೋಡುತ್ತಾ ಎಲ್ಲವನ್ನೂ ಹೇಳಿದಳು. ನೀಲಿ ಹರಳು, ಶನಿವಾರ, ರಸ್ತೆಗೆ ಹೋದ ಮಗು, ಟೀಚರಮ್ಮ ಹೇಳಿದ್ದು. ಹೇಳುವಾಗ ಅವಳ ಕೈ ಅವನ ಮಣಿಕಟ್ಟು ಬಿಟ್ಟಿರಲಿಲ್ಲ. ಅಪ್ಪ ನಗುತ್ತಾನೆ ಎಂದು ನನಗೆ ಭಯವಾಗಿತ್ತು. ನಕ್ಕಿದ್ದರೆ ನಾನು ಅವನನ್ನು ಈ ಜನ್ಮದಲ್ಲಿ ಕ್ಷಮಿಸುತ್ತಿರಲಿಲ್ಲ. ಅವನು ಅರಳೆಯನ್ನು ಬದಿಗಿಟ್ಟ. ಆಮೇಲೆ ಬಿಳಿ ಬಟ್ಟೆ ಹಾಸಿದ, ಭೂತಗನ್ನಡಿ ಸಿಕ್ಕಿಸಿಕೊಂಡ, ಗಾಜು ಬಿಚ್ಚಿದ. ಸೂಜಿಯ ತುದಿಯನ್ನು ನನ್ನ ನೇಲ್ ಪಾಲಿಶಿನಲ್ಲಿ ಅದ್ದಿ, ಡಯಲಿನ ಮೇಲೇ, ಸಾಸಿವೆಗಿಂತ ಸಣ್ಣದಾಗಿ, ಒಂಬತ್ತರ ಜಾಗದಲ್ಲಿ ಒಂದು ಚುಕ್ಕಿ ಇಟ್ಟ, ಆಮೇಲೆಯೇ ಗಾಜಿನ ಮೇಲಿನ ದೊಡ್ಡ ಬೊಟ್ಟು ಒರೆಸಿದ. ತಲೆ ಎತ್ತದೆ ಕೇಳಿದ.

"ಮತ್ತ ಯಾವ್ಯಾವು ಬೇಕು ಹೇಳು."

"ಒಂದರದು. ಮಕ್ಕಳಿಗೆ ಊಟಕ್ಕ ಹಾಕೂ ಹೊತ್ತು."

ಒಂದರ ಜಾಗದಲ್ಲಿ ಇನ್ನೊಂದು ಚುಕ್ಕಿ ಬಿತ್ತು.

"ಉಳದವನ್ನೂ ಇಡ್ಲೇನು?"

"ಬ್ಯಾಡ್ರಿ. ನನಗ ಎರಡೇ ಸಾಕು."

ಮುಂದೆ ಅಪ್ಪ ಅವಳಿಗೆ ಹೊತ್ತು ನೋಡಲು ಕಲಿಸಿದ, ನನಗಿಂತ ಹತ್ತು ಪಟ್ಟು ತಾಳ್ಮೆಯಿಂದ. ಅವ್ವನ ಕೆಲಸ ಕಾಯಂ ಆಯಿತು, ನಿವೃತ್ತಿಯ ತನಕ ಅವಳು ಆ ಎರಡು ಚುಕ್ಕಿಗಳ ಗಡಿಯಾರವನ್ನೇ ಕಟ್ಟಿದಳು. ಯಾವುದು ಬೇಡ, ಯಾವುದು ಬೇಕೇಬೇಕು ಎಂಬುದನ್ನು ಸಾಮಾನು ನೋಡಿ ಹೇಳಲಾಗುವುದಿಲ್ಲ, ಹಿಡಿಯುವವರನ್ನು ಕೇಳಬೇಕು ಎಂಬಷ್ಟು ಬುದ್ಧಿ ನನಗೆ ಬಂದದ್ದು ಆ ಸಂಜೆ. ಆದರೂ ಕೇಳದೆ ಕಿತ್ತುಹಾಕುವ ಚಟ ಪೂರಾ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ.

ಮರುದಿನ ಶನಿವಾರ ನಾನು ಶಾಲೆಗೆ ಹೋಗಲಿಲ್ಲ. ಅಪ್ಪ ಎಂಟರ ಬಸ್ಸಿಗೆ ಹೋಗಲಿಲ್ಲ. ಯಾಕೆ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಅಪ್ಪ ತನ್ನ ಕೈಗಡಿಯಾರವನ್ನು ಅಂಗಿಯ ತೋಳಿನೊಳಗೆ ಸೇರಿಸಿಕೊಂಡು ಬಾಗಿಲ ಬಳಿ ಕೂತು, ಏನೂ ಮಾಡದೆ, ಒಂದು ಚಿಮಟವನ್ನು ಒರೆಸುತ್ತಲೇ ಇದ್ದ. ನಾನು ಅಂಗಳಕ್ಕೂ ಪಡಸಾಲೆಗೂ ಓಡಾಡಿದೆ. ಅವ್ವ ರೊಟ್ಟಿ ಮುಗಿಸಿದಳು, ಕೈ ತೊಳೆದಳು, ತಲೆ ಬಾಚಿಕೊಂಡಳು, ನಡುನಡುವೆ ಮಣಿಕಟ್ಟು ತಿರುಗಿಸಿ ನೋಡಿದಳು. ನನ್ನನ್ನು ಕರೆಯಲಿಲ್ಲ. ಒಮ್ಮೆ ಚೀಲ ತೆಗೆದುಕೊಂಡು, ಮತ್ತೆ ನೋಡಿ, ಕೆಳಗಿಟ್ಟಳು. ಅಪ್ಪನ ಕೈಯ ಬಟ್ಟೆ ನಿಂತಿತು. ಇನ್ನೂ ಸ್ವಲ್ಪ ಹೊತ್ತು ಹೋಯಿತು. ಆಮೇಲೆ ಅವಳು ಗೂಟದಿಂದ ಅಂಗನವಾಡಿಯ ಕೀಲಿ ತೆಗೆದು, ಚೀಲ ಹೆಗಲಿಗೆ ಹಾಕಿ, ಚಪ್ಪಲಿ ಮೆಟ್ಟಿ, ಅವನ ಪಕ್ಕದಲ್ಲಿ ನಿಂತಳು.

"ಒಂಬತ್ತಾಕ ಬಂತ್ರಿ. ನಾ ಹೊಂಟೆ."

ಅಪ್ಪ ತೋಳು ಸರಿಸಿ ತನ್ನ ಗಡಿಯಾರ ನೋಡಿಕೊಂಡ.

"ಹೂಂ. ಖರೆ ಅದ."

ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವ್ವ ಅಪ್ಪನಿಗೆ ಹೊತ್ತು ಹೇಳಿದ್ದು ಅದೇ ಮೊದಲು.